ಅಂಗಡಿ ಬೋರ್ಡಿಗೆ ಬಾಲೂ ತಮ್ಮ ಫಾಂಟ್ ಆಗುತ್ತಾ?

ಬುಗುರಿ_ಮೈಸೂರು:
ಚನ್ನಪಟ್ಟಣದ ಮರದ ಗೊಂಬೆ ಮಾರುವ ಅಂಗಡಿ ಶುರು ಮಾಡುತ್ತಿದ್ದೇವೆ. ಹೆಸರು 'ಚಿಣ್ಣರ ಬುಗುರಿ'. ಗೊಂಬೆಗಳ ಹಾಗೇ ದಪ್ಪಗೆ, ದುಂಡಗೆ ಅಕ್ಷರ ಬೇಕಿತ್ತು. ಬಾಲೂ ತಮ್ಮ ನೋಡಿದ ಕೂಡಲೇ ಇಷ್ಟವಾಯಿತು. ಆದರೆ ಬೋರ್ಡ್ ಮಾಡುವವರು ಕಳಿಸಿದ ಸ್ಯಾಂಪಲ್‌ನಲ್ಲಿ 'ಚಿಣ್‌ಣರ' ಅಂತ ಬಂದಿದೆ. ಫಾಂಟೇ ಸರಿಯಿಲ್ಲ, ನುಡಿ ಸಾಫ್ಟ್‌ವೇರಿನ ಫಾಂಟಿನಲ್ಲಿ ಮಾಡೋಣ ಅನ್ನುತ್ತಾರೆ. ಹೌದಾ? ಇನ್ನೊಂದು, ಕೆಳಗಿನ ವಿಳಾಸವೂ ಇದೇ ಅಕ್ಷರದಲ್ಲಿ ಇರಲಾ?

ಹಳೇ_ಡಿಟಿಪಿ:
ಫಾಂಟ್ ಚೆನ್ನಾಗಿಯೇ ಇದೆ. ಅವರ ಹತ್ತಿರ ಹಳೆ ಡಿಸೈನ್ ಸಾಫ್ಟ್‌ವೇರ್, ಕೋರೆಲ್‌ಡ್ರಾ ಇರಬೇಕು. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ಗಳಲ್ಲಿ ಒತ್ತು ಒಂದು ಬೇರೆ ತುಂಡು, ತಂದು ಅಂಟಿಸಿದ ಹಾಗೆ. ಬಾಲೂ ತಮ್ಮ ಯುನಿಕೋಡ್. ಒತ್ತು ಎಲ್ಲಿ ಕೂರಬೇಕು ಅನ್ನುವುದು ಫಾಂಟಿನೊಳಗೇ ಬರೆದಿರುತ್ತದೆ, ಸಾಫ್ಟ್‌ವೇರ್ ಅದನ್ನು ಓದಿಕೊಳ್ಳಬೇಕು. ನೀವೇ ಡ್ರಾಯಿಂಗ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ (ಬರೀ ಗೆರೆಗಳ ಆಕಾರ) ಆಗಿ ಬದಲಾಯಿಸಿ, ಪಿಡಿಎಫ್ ಕೊಡಿ. ಆಮೇಲೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒಡೆಯುವುದಿಲ್ಲ.

ವಿಳಾಸಕ್ಕೆ ಮಾತ್ರ ಇಷ್ಟು ದಪ್ಪ ಬೇಡವೇ ಬೇಡ. ಈ ದಪ್ಪ ಅಕ್ಷರ ಎರಡು ಮೂರು ಪದಕ್ಕೆ ಸರಿ. ಸಣ್ಣದು ಮಾಡಿದರೆ ಹೊಟ್ಟೆಯೊಳಗಿನ ಜಾಗ ಮುಚ್ಚಿಹೋಗುತ್ತದೆ. 'ಕ್ಷ', 'ಜ್ಞ' ಬಂದರಂತೂ ಬರೀ ಕಪ್ಪು ಮುದ್ದೆ. ಮೊದಲ ಬಾಲೂ ತಮ್ಮದಲ್ಲಿ ಒಂದೇ ದಪ್ಪ ಇತ್ತು. ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ 5 ಇವೆ. ಹೆಸರಿಗೆ ಎಕ್ಸ್‌ಟ್ರಾಬೋಲ್ಡ್, ವಿಳಾಸಕ್ಕೆ ಅದರದೇ ರೆಗ್ಯುಲರ್ ಹಾಕಿ. ಎರಡು ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಇಂಗ್ಲಿಷ್‌ಗೆ ಬಿಟ್ಟಷ್ಟೇ ಬಿಟ್ಟರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಬೋರ್ಡ್ ಫ್ಲೆಕ್ಸಾ, ಅಕ್ರಿಲಿಕ್ಕಾ?

ಬುಗುರಿ_ಮೈಸೂರು:
ಅಕ್ರಿಲಿಕ್, ಒಳಗೆ ಎಲ್‌ಇಡಿ. ಫಾಂಟಿಗೆ ದುಡ್ಡು ಕೊಡಬೇಕಾ?

ಹಳೇ_ಡಿಟಿಪಿ:
ಬೇಡ. ಮುಂಬೈನ ಎಕ್ ಟೈಪ್ ಅವರು ಮಾಡಿದ್ದು, ಓಪನ್ ಫಾಂಟ್ ಲೈಸೆನ್ಸ್. ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು.

ಅಕ್ರಿಲಿಕ್ ಅಂದರೆ ಕತ್ತರಿಸುವವರಿಗೆ ಖುಷಿ, ಚೂಪು ಮೂಲೆಗಳೇ ಇಲ್ಲ. ಆದರೆ ಮೇಲಿನ ಅಕ್ಷರಕ್ಕೆ ಅಂಟದ ಒತ್ತು ಬೇರೆ ತುಂಡಾಗಿ ಬರುತ್ತದೆ. ಅದಕ್ಕೂ ಬೇರೆ ವೈರ್ ಎಳೆಯಬೇಕು. ಹೆಸರಿನಲ್ಲಿ ಇರುವುದು ಒಂದೇ ಒತ್ತು, ಅದಾದರೂ ಬೆಳಗಲಿ! ಫಿಟ್ಟಿಂಗಿಗೆ ಮುಂಚೆ ಕೇಳಿಕೊಳ್ಳಿ.

ತಲೆಕಟ್ಟು:
ಬಾಲೂ ಈಗ ಎಲ್ಲಾ ಕಡೆ ಬಂದುಬಿಟ್ಟಿದೆ ಅಲ್ವಾ? ಪ್ಲೇಸ್ಕೂಲು, ಐಸ್‌ಕ್ರೀಮು, ಬರ್ತ್‌ಡೇ ಬ್ಯಾನರು. ಅಕಾಯ ಕನಡಕ ನೋಡಿ. ಅದೂ ಉಚಿತ, ಕೈಬರಹದ ತುಂಟತನ ಇದೆ.

ಹಳೇ_ಡಿಟಿಪಿ:
ಅದು ನನಗೂ ಇಷ್ಟ, ಪೋಸ್ಟರಿಗೆ ಹಾಕುತ್ತೇನೆ. ಆದರೆ ದಪ್ಪ, ತೆಳು ಗೆರೆ ಎರಡೂ ಇರುವ ಅಕ್ಷರದೊಳಗೆ ಎಲ್‌ಇಡಿ ಕೂರಿಸುವುದು ಕಷ್ಟ. ಇಲ್ಲಿ ಬಾಲೂನೇ ಸರಿ.

ತಲೆಕಟ್ಟು:
ಎಲ್‌ಇಡಿ ಅಂದಮೇಲೆ ನನ್ನದು ವಾಪಸ್. ಬೋರ್ಡಿನಲ್ಲಿ ಇಂಗ್ಲಿಷ್ ಇದ್ದರೆ 60% ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ. ಇಂಗ್ಲಿಷ್‌ಗೆ ಬೇರೆ ಫಾಂಟ್ ಹುಡುಕಬೇಡಿ, ಬಾಲೂ ತಮ್ಮದಲ್ಲೇ ಜೋಡಿ ಅಕ್ಷರ ಇದೆ.

ಬುಗುರಿ_ಮೈಸೂರು:
ಇಂಕ್‌ಸ್ಕೇಪ್‌ನಲ್ಲಿ ಒತ್ತು ಸರಿಯಾಗಿ ಕೂತಿತು! ಇಂಗ್ಲಿಷ್ ಕೆಳಗೆ ಚಿಕ್ಕದಾಗಿ ಇಟ್ಟು ಪಿಡಿಎಫ್ ಕಳಿಸಿದ್ದೇನೆ. ವೈರ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.