ಅಪ್‌ಡೇಟ್: ತಮ್ಮನ ಶಿಕ್ಷೆಗೆ ಸದ್ಯ ತಡೆ ಸಿಕ್ಕಿತು

ಗದ್ದೆ ಬದುವಿನ ಜಗಳದಲ್ಲಿ ಐಪಿಸಿ 324ರಡಿ (ಅಪಾಯಕಾರಿ ಆಯುಧದಿಂದ ಗಾಯ ಮಾಡಿದ ಅಪರಾಧ) ತಮ್ಮನಿಗೆ ಒಂದು ವರ್ಷ ಶಿಕ್ಷೆಯಾಗಲಿದೆ ಅಂತ ಭಯ, ಶಿಕ್ಷೆಯಾದರೆ ನೇರ ಜೈಲೇನಾ ಎಂದು ಕೇಳಿದ್ದೆ. ಶಿಕ್ಷೆ ಆಯಿತು, ಜೈಲಾಗಲಿಲ್ಲ. ಜಾಮೀನಿನ ಮೇಲಿದ್ದವನಿಗೆ 3 ವರ್ಷದೊಳಗಿನ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಕಾಲ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರೇ ಜಾಮೀನಿನ ಮೇಲೆ ಬಿಡುತ್ತಾರೆ. ಅವತ್ತೇ ಅರ್ಜಿ ಕೊಟ್ಟೆವು. ಜಾಮೀನು ನಿಲ್ಲಲು ಚಿಕ್ಕಪ್ಪ ಪಹಣಿ ಹಿಡಿದು ಬೆಳಗ್ಗೆಯೇ ಬಂದು ನಿಂತಿದ್ದರು.

ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನ ಇದರಲ್ಲಿ ಸೇರಲ್ಲ. ನಾವು ಸುಮ್ನೆ ಕಾಯದೆ ಬೇಗ ಹಾಕಿದೆವು. ಅಪೀಲು ಮುಗಿಯುವವರೆಗೆ ಶಿಕ್ಷೆಗಷ್ಟೇ ತಡೆ. ಅಪರಾಧಿ ಅನ್ನೋ ತೀರ್ಪು ಹಾಗೇ ಇದೆ.

ನಮ್ಮ ಮುಖ್ಯ ವಾದ ಆಯುಧದ್ದು. ಒಬ್ಬ ಸಾಕ್ಷಿ ದೊಣ್ಣೆ ಅಂದ, ಇನ್ನೊಬ್ಬ ಗುದ್ದಲಿ ಕಾವು ಅಂದ. ಪೊಲೀಸರು ಎರಡರಲ್ಲಿ ಒಂದನ್ನೂ ವಶಪಡಿಸಿಕೊಂಡಿಲ್ಲ. ಧೈರ್ಯ ಹೇಳಿದ ಎಲ್ಲರಿಗೂ ಮನಸಾರೆ ಧನ್ಯವಾದ.