ಸಹಾಯ ಬೇಕು: ಮಕ್ಕಳಿಗೆ ರೆಕಾರ್ಡರ್ ಕಲಿಸುವ ಕುರಿತು

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ನಾನು ಸೊಪ್ರಾನೊ ರೆಕಾರ್ಡರ್ (ತುದಿಯಿಂದ ಊದುವ, ಕೊಳಲಿನಂಥ ಪುಟ್ಟ ವಾದ್ಯ) ಕಲಿಸುತ್ತಿದ್ದೇನೆ. ಎಡಗೈ ಬೆರಳುಗಳಿಂದಲೇ ನುಡಿಸಬಹುದಾದ ಬಿ, ಎ, ಜಿ ಸ್ವರಗಳಿಂದ ಆರಂಭಿಸಿ, ಜಿಯನ್ನು ಷಡ್ಜವಾಗಿ ಇಟ್ಟುಕೊಂಡು ಸ, ರಿ, ಗ ಹಾಡಿಸಿದಾಗ ಅವರು ಬೇಗ ಹಿಡಿಯುತ್ತಾರೆ. ಮೇಲಿನ ಸಿ, ಡಿ ಸೇರಿದರೆ ಬಲಗೈ ಬೆರಳುಗಳ ಗೊಡವೆಯಿಲ್ಲದೆ ಪಂಚಮದವರೆಗೂ ಹೋಗಬಹುದು. ಆದರೆ ಬಲಗೈಗೆ ಬಂದೊಡನೆ ಪುಟ್ಟ ಬೆರಳುಗಳು ರಂಧ್ರಗಳನ್ನು ಪೂರ್ತಿ ಮುಚ್ಚದೆ, ಜೋರಾಗಿ ಊದುವ ಉತ್ಸಾಹವೂ ಸೇರಿ, ತರಗತಿಯೆಲ್ಲ ಕೀರಲು ದನಿ.

ಅನುಭವಸ್ಥರು ದಯವಿಟ್ಟು ಎರಡು ವಿಷಯ ತಿಳಿಸಬೇಕು. ಎಫ್ ಸ್ವರ ಸುಲಭವಾದರೂ ಎಫ್ ಶಾರ್ಪ್ ತೊಡಕಾಗುವ ಜರ್ಮನ್ ಬೆರಳಿಕೆಯ (ರಂಧ್ರಗಳನ್ನು ಬೆರಳಿನಿಂದ ಮುಚ್ಚುವ ಕ್ರಮದ) ವಾದ್ಯ ಕೊಳ್ಳುವುದೋ, ಬರೋಕ್ ಬೆರಳಿಕೆಯದೋ? ನನ್ನ ಒಲವು ಬರೋಕ್ ಕಡೆಗಿದೆ. ಸ-ಪ ವ್ಯಾಪ್ತಿಯೊಳಗೇ ಮುಗಿಯುವ ಕನ್ನಡ ಶಿಶುಗೀತೆ ಅಥವಾ ಜನಪದ ಮಟ್ಟುಗಳು ಯಾವುವು?