ಪದಚರ್ಚೆ: ‘ಜಕಾತ್’ ದಾನವೋ, ತೆರಿಗೆಯೋ, ಪಾಲೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದೇ ಪದದ ಮುಂದೆ ಕುಳಿತಿದ್ದೇನೆ. ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಒಂದು ಕಿರುಕೋಶದಲ್ಲಿ ನಮ್ಮ ನಡುವಿನ ಧರ್ಮಗಳ ಮುಖ್ಯ ಪದಗಳಿಗೆ ಎರಡು ಮೂರು ಸಾಲಿನ ವಿವರಣೆ ಬರೆಯುವ ಕೆಲಸ ನನಗೆ ಬಂದಿದೆ. ಇಸ್ಲಾಮಿನ ಐದು ಮೂಲ ಕರ್ತವ್ಯಗಳಲ್ಲಿ ನಾಲ್ಕು ಹೆಚ್ಚು ಕಾಡದೆ ಮುಗಿದವು. ಶಹಾದತ್ ಪದಕ್ಕೆ ‘ದೇವನೊಬ್ಬನೇ, ಮುಹಮ್ಮದರು ಅವನ ದೂತರು ಎಂಬ ಸಾಕ್ಷಿಮಾತು’ ಎಂದು ಬರೆದೆ. ನಮಾಜ್, ಹಜ್ ಎರಡೂ ಕನ್ನಡಕ್ಕೆ ಹೊಸವಲ್ಲ, ಹಾಗೆಯೇ ಉಳಿಸಿಕೊಂಡೆ. ರೋಜಾ ಎಂಬುದಕ್ಕೆ ‘ಉಪವಾಸ’ ಎಂದು ಬರೆದು, ಕರಾವಳಿಯ ಬ್ಯಾರಿಗಳು ಅದನ್ನು ‘ನೋಂಬು’ ಎನ್ನುತ್ತಾರೆ, ಅದು ವ್ರತ ಎಂಬರ್ಥದ ನಮ್ಮ ‘ನೋಂಪಿ’ಯ ಒಡಹುಟ್ಟು ಎಂದು ಸೇರಿಸಿದೆ. ಶ್ರವಣಬೆಳಗೊಳದ ಶಾಸನಗಳ ‘ನೋಂತು’ ಎಂಬ ಕ್ರಿಯಾಪದವೂ ರಂಜಾನಿನ ನೋಂಬೂ ಒಂದೇ ಬೇರಿನವು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಉಳಿದದ್ದು ಜಕಾತ್. ನಾನು ಮೊದಲು ಬರೆದ ವಿವರಣೆ ಹೀಗಿತ್ತು: ‘ರಂಜಾನ್ ತಿಂಗಳಲ್ಲಿ ಮುಸ್ಲಿಮರು ಬಡವರಿಗೆ ಕೊಡುವ ದಾನ.’ ನಮ್ಮ ಬೀದಿಯಲ್ಲಿ ನಿವೃತ್ತ ಉರ್ದು ಮಾಸ್ತರರೊಬ್ಬರಿದ್ದಾರೆ. ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಆಮೇಲೆ, “ಒಂದೇ ಸಾಲು ಬರೆದಿದ್ದೀಯ ತಮ್ಮಾ, ಮೂರು ತಪ್ಪಿವೆ” ಎಂದರು.

ಮೊದಲನೆಯದು ರಂಜಾನ್. ಜಕಾತಿಗೆ ಗೊತ್ತಾದ ತಿಂಗಳಿಲ್ಲ. ನಿಸಾಬ್ ಎಂಬ ಒಂದು ಮಿತಿಯನ್ನು ಮುಟ್ಟಿದ ಸಂಪತ್ತು ಒಬ್ಬರ ಬಳಿ ಒಂದು ಚಾಂದ್ರಮಾನ ವರ್ಷ ನಿಂತರೆ ಅದರ ಮೇಲೆ ಜಕಾತ್ ಬೀಳುತ್ತದೆ. ನಮ್ಮ ಕಡೆಯವರ ಲೆಕ್ಕದಲ್ಲಿ ನಿಸಾಬ್ ಎಂದರೆ ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿ, ಗ್ರಾಮಿನಲ್ಲಿ ಸುಮಾರು 87 ಮತ್ತು 612. ಪ್ರಮಾಣ ನಲವತ್ತರಲ್ಲಿ ಒಂದು, ಅಂದರೆ ಶೇಕಡಾ 2.5. ವರ್ಷದ ಲೆಕ್ಕ ತಪ್ಪಬಾರದೆಂದೂ ಆ ತಿಂಗಳಲ್ಲಿ ಪುಣ್ಯ ಹೆಚ್ಚೆಂದೂ ಬಹಳ ಜನ ರಂಜಾನಿನಲ್ಲಿ ಲೆಕ್ಕ ಹಾಕುತ್ತಾರೆ, ಅಷ್ಟೆ. ರಂಜಾನಿಗೆ ನಿಜವಾಗಿ ಅಂಟಿಕೊಂಡಿರುವುದು ಬೇರೆ, ಅದರ ಹೆಸರು ಫಿತ್ರಾ. ಈದ್ ನಮಾಜಿಗೆ ಮುಂಚೆ ಮನೆಯ ಕೂಸನ್ನೂ ಸೇರಿಸಿ ತಲೆಗಿಷ್ಟು ಎಂದು ಧಾನ್ಯವನ್ನೋ ಅದರ ಬೆಲೆಯನ್ನೋ ಕೊಡುವುದು. ಪತ್ರಿಕೆಗಳ ಹಬ್ಬದ ಬರಹಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ನಾನೂ ಕಲಸಿಕೊಂಡಿದ್ದೆ.

ಎರಡನೆಯದು ‘ಬಡವರಿಗೆ’. ಕುರ್‌ಆನಿನ ಒಂಬತ್ತನೆಯ ಅಧ್ಯಾಯದ 60ನೆಯ ವಚನ ಪಡೆಯುವವರನ್ನು ಎಂಟು ಬಗೆಯಾಗಿ ಹೆಸರಿಸುತ್ತದೆ. ಬಡವರು, ಏನೂ ಇಲ್ಲದವರು, ಜಕಾತನ್ನು ಸಂಗ್ರಹಿಸುವ ಕೆಲಸಗಾರರು, ಮನಸ್ಸು ಒಲಿಸಿಕೊಳ್ಳಬೇಕಾದವರು, ಬಿಡುಗಡೆ ಬೇಕಾದ ಗುಲಾಮರು, ಸಾಲದಲ್ಲಿ ಮುಳುಗಿದವರು, ದೇವರ ಹಾದಿಯ ಕೆಲಸ, ದಾರಿಯಲ್ಲಿ ಕೈ ಬರಿದಾದ ಪಯಣಿಗ. ಸಾಲಗಾರ ಮತ್ತು ಪಯಣಿಗ ಊರಿನಲ್ಲಿ ಅನುಕೂಲಸ್ಥರೇ ಆಗಿರಬಹುದು. ಹಾಗೆಯೇ ಹೆತ್ತವರಿಗೂ ಮಕ್ಕಳಿಗೂ ಜಕಾತ್ ಕೊಡುವಂತಿಲ್ಲ, ಅವರನ್ನು ನೋಡಿಕೊಳ್ಳುವುದು ಹೇಗಿದ್ದರೂ ನಮ್ಮ ಹೊಣೆ ಎಂಬ ಕಾರಣಕ್ಕೆ.

ಈ ವಚನದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಮೊದಲನೆಯ ಬಗೆಯ ಬಡವನಿಗೆ ಅರಬಿಯಲ್ಲಿ ‘ಫಕೀರ್’. ನಮ್ಮ ಫಕೀರ ಇವನೇ, ಕನ್ನಡಕ್ಕೆ ಬರುವಾಗ ಜೋಳಿಗೆ ಹಾಕಿಕೊಂಡು ಸಂತನಾಗಿದ್ದಾನೆ. ಮೂರನೆಯವನು ‘ಆಮಿಲ್’, ಕೆಲಸ ನಡೆಸುವವನು. ಹಳೆಯ ಮೈಸೂರಿನ ತಾಲ್ಲೂಕು ಕಚೇರಿಯ ಅಮಲ್ದಾರ ಅದೇ ಬೇರಿನಿಂದ ಬಂದವನು. ಪರಕೀಯ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ ಎಂದುಕೊಂಡಿದ್ದ ನನಗೆ ಅರ್ಧ ಪದಗಳು ನಮ್ಮ ಮನೆಯಲ್ಲೇ ಕುಳಿತಿರುವುದು ಆಗ ಕಂಡಿತು.

ಮೂರನೆಯ ತಪ್ಪು ‘ದಾನ’. ನನ್ನ ಪ್ರಶ್ನೆ ಇದರ ಸುತ್ತಲೇ ಇದೆ.

ದಾನ ನಮ್ಮಲ್ಲಿ ದೊಡ್ಡ ಪದ, ಅದನ್ನು ಹಗುರಾಗಿ ಕಾಣುತ್ತಿಲ್ಲ. ಆದರೆ ಕೊಡುವುದೂ ಬಿಡುವುದೂ ದಾನಿಯ ಇಷ್ಟ, ಎಷ್ಟು ಎಂಬುದೂ ಅವನ ಇಷ್ಟ. ಪಡೆದವನು ಏನನ್ನೂ ಕೇಳುವಂತಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂದು ಗಾದೆಯನ್ನೇ ಕಟ್ಟಿಕೊಂಡಿದ್ದೇವೆ. ಜಕಾತಿನಲ್ಲಿ ಎಮ್ಮೆಯ ಹಲ್ಲನ್ನು ಎಣಿಸಲೇಬೇಕು. ನೀವೇ ಕಣ್ಣು ಮುಚ್ಚಿಕೊಳ್ಳದೆ ತೆಗೆದುಕೊಳ್ಳಲಾರದಂಥ ಕೆಟ್ಟ ವಸ್ತುವನ್ನು ಆರಿಸಿ ಕೊಡಬೇಡಿ ಎಂದು ಕುರ್‌ಆನಿನ ಎರಡನೆಯ ಅಧ್ಯಾಯ ಹೇಳುತ್ತದೆ. ಇತ್ತ ಸಂಗ್ರಹಿಸುವವನು ಮಂದೆಯಲ್ಲಿನ ಅತ್ಯುತ್ತಮವಾದುದನ್ನು ಎಳೆದುಕೊಳ್ಳಬಾರದು ಎಂದು ಪ್ರವಾದಿಯವರು ಯೆಮೆನ್‌ಗೆ ಹೊರಟ ತಮ್ಮ ಒಡನಾಡಿ ಮುಆಜ್ ಅವರಿಗೆ ತಾಕೀತು ಮಾಡಿದ್ದರು. ನಲವತ್ತು ಕುರಿಗೆ ಒಂದು ಕುರಿ. ಮಳೆಯ ನೀರಿನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು, ಏತ ಹೊಡೆದು ನೀರು ಹಾಯಿಸಿದ ಬೆಳೆಯಲ್ಲಿ ಇಪ್ಪತ್ತರಲ್ಲಿ ಒಂದು. ರೈತನ ಬೆವರಿಗೆ ಅರ್ಧದಷ್ಟು ಬಿಟ್ಟುಕೊಟ್ಟಿರುವ ಈ ಲೆಕ್ಕವನ್ನು ಓದಿದಾಗ ನಮ್ಮ ಮಳೆಯಾಶ್ರಿತ ಹೊಲ ಮತ್ತು ಬಾವಿಯ ತೋಟ ಎರಡೂ ನೆನಪಾದವು.

632ರಲ್ಲಿ ಪ್ರವಾದಿಯವರು ತೀರಿಕೊಂಡ ಮೇಲೆ ಕೆಲವು ಬುಡಕಟ್ಟುಗಳು ನಮಾಜ್ ಮಾಡುತ್ತೇವೆ, ಜಕಾತ್ ಮಾತ್ರ ಕೊಡುವುದಿಲ್ಲ ಎಂದಾಗ ಮೊದಲನೆಯ ಖಲೀಫ ಅಬೂಬಕರ್ ಅವೆರಡನ್ನು ಬೇರ್ಪಡಿಸಲು ಒಪ್ಪದೆ ಯುದ್ಧಕ್ಕೇ ನಿಂತರು. ದಾನ ಕೊಡದವರ ಮೇಲೆ ಯಾರೂ ಯುದ್ಧ ಹೂಡುವುದಿಲ್ಲ. ಇಷ್ಟದಿಂದ ಕೊಡುವುದಕ್ಕೆ ಇಸ್ಲಾಮಿನಲ್ಲಿ ‘ಸದಕಾ’ ಎಂಬ ಬೇರೆ ಪದವಿದೆ, ‘ದಾನ’ ಎಂಬುದನ್ನು ಅದಕ್ಕೆ ಮೀಸಲಿಡಬೇಕು ಎಂದು ನನ್ನ ಅಭಿಪ್ರಾಯ. ಒಂದು ತೊಡಕನ್ನು ಮಾತ್ರ ಮುಚ್ಚಿಡಬಾರದು: ಎಂಟು ಬಗೆಯವರನ್ನು ಹೆಸರಿಸುವ ಆ ವಚನದಲ್ಲೇ ಇರುವ ಪದ ‘ಸದಕಾತ್’, ಜಕಾತ್ ಅಲ್ಲ. ಕುರ್‌ಆನಿನ ಅರಬಿಯಲ್ಲಿ ಸದಕಾ ಎರಡನ್ನೂ ಒಳಗೊಳ್ಳುತ್ತದೆ, ಗೆರೆ ಗಟ್ಟಿಯಾದದ್ದು ಬಳಕೆಯಲ್ಲಿ. ಆದರೂ ಇಂದು ಕನ್ನಡ ನೆಲದ ಮುಸ್ಲಿಮರ ಮಾತಿನಲ್ಲಿ ಆ ಗೆರೆ ಸ್ಪಷ್ಟವಾಗಿದೆ, ಕಿರುಕೋಶ ಅದನ್ನೇ ಅನುಸರಿಸಬೇಕು.

ಹಾಗಾದರೆ ‘ತೆರಿಗೆ’ ಎನ್ನೋಣವೇ? ಕೆಲವು ಪುಸ್ತಕಗಳಲ್ಲಿ ‘ಬಡವರ ತೆರಿಗೆ’ ಎಂದಿರುವುದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಾಗಲಿಲ್ಲ. ತೆರಿಗೆಯನ್ನು ಗೊಣಗಿಕೊಂಡು ಕಟ್ಟಿದರೂ ಅದು ಸಂದಾಯವಾಗುತ್ತದೆ. ಜಕಾತಿಗೆ ನಿಯತ್ತು ಬೇಕು. ಇಲ್ಲಿಯೂ ನಮ್ಮದೇ ಪದ! ಅರಬಿಯಲ್ಲಿ ನಿಯತ್ತು ಎಂದರೆ ಸಂಕಲ್ಪ, ಈ ಕೆಲಸವನ್ನು ಇದಕ್ಕಾಗಿಯೇ ಮಾಡುತ್ತೇನೆ ಎಂಬ ಒಳಗಿನ ನಿಶ್ಚಯ. ಕನ್ನಡದಲ್ಲಿ ಅದು ಪ್ರಾಮಾಣಿಕತೆಯಾಗಿದೆ, ‘ನಿಯತ್ತಿನ ಮನುಷ್ಯ’ ಎನ್ನುತ್ತೇವೆ. ಜಕಾತಿನ ವಿವರಣೆಯಲ್ಲಿ ಎರಡು ಅರ್ಥವೂ ಸಲ್ಲುತ್ತದೆ, ಏಕೆಂದರೆ ನಮ್ಮ ದೇಶದಲ್ಲಿ ಇದನ್ನು ವಸೂಲಿ ಮಾಡುವ ಸರ್ಕಾರವಿಲ್ಲ. ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ತೆರೆದು ನೋಡುವವನು ಅದರ ಒಡೆಯನೇ.

ತೆರಿಗೆ ಎನ್ನಲು ಹಿಂಜರಿಯುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದು ಪೂರಾ ಕನ್ನಡದ್ದು. ಜಕಾತಿ! ನಾನು ಚಿಕ್ಕವನಿದ್ದಾಗ ಊರ ಬಾಯಲ್ಲಿ ಜಕಾತಿ ನಾಕಾ ಇತ್ತು, ಊರೊಳಗೆ ಬರುವ ಸರಕಿಗೆ ಸುಂಕ ಎತ್ತುವ ಕಟ್ಟೆ. ಮೆಣಸಿನಕಾಯಿಯ ಚಕ್ಕಡಿಗಳು ಅಡ್ಡಗಟ್ಟೆಯ ಮುಂದೆ ಸಾಲುಗಟ್ಟಿ ನಿಂತಿರುತ್ತಿದ್ದವು, ಒಳಗೆ ಗುಮಾಸ್ತ ಚೀಟಿ ಹರಿಯುತ್ತಿದ್ದ. 1979ರಲ್ಲಿ ರಾಜ್ಯದಲ್ಲಿ ಜಕಾತಿ ಹೋಗಿ ಪ್ರವೇಶ ತೆರಿಗೆ ಬಂತು, ನಾಕಾ ಮುಚ್ಚಿತು, ಬಸ್ ನಿಲ್ದಾಣದ ಹೆಸರಾಗಿ ಮಾತ್ರ ಉಳಿಯಿತು. ಆ ಜಕಾತಿ ಬೇರೆ ಯಾವುದೂ ಅಲ್ಲ, ಇದೇ ಜಕಾತ್. ವ್ಯಾಪಾರದ ಸರಕೂ ಸಂಪತ್ತೇ ಆದ್ದರಿಂದ ಅದರ ಮೇಲೂ ನಲವತ್ತರಲ್ಲಿ ಒಂದು ಸಲ್ಲಬೇಕು. ಆರಂಭದ ಕಾಲದಲ್ಲೇ ಅದನ್ನು ದಾರಿಯ ಕಟ್ಟೆಗಳಲ್ಲಿ ತೆಗೆದುಕೊಳ್ಳುವ ಏರ್ಪಾಡಾಯಿತು. ಕಟ್ಟೆಯಲ್ಲಿ ಮುಸ್ಲಿಮೇತರ ವರ್ತಕರಿಂದಲೂ ಬೇರೆ ಪ್ರಮಾಣದಲ್ಲಿ ಸುಂಕ ಎತ್ತುತ್ತಿದ್ದರು. ಕ್ರಮೇಣ ಪರ್ಷಿಯನ್ ಬಳಸುವ ಆಡಳಿತಗಳಲ್ಲಿ ಕಟ್ಟೆಯ ಸುಂಕಕ್ಕೆಲ್ಲ ಜಕಾತ್ ಎಂಬ ಹೆಸರು ಹರಡಿತು. ಔರಂಗಜೇಬನ ಆಳ್ವಿಕೆಯಲ್ಲಿ, 1665ರಲ್ಲಿ, ಮುಸ್ಲಿಂ ವರ್ತಕರ ಸರಕಿಗೆ ಶೇಕಡಾ 2.5, ಹಿಂದೂ ವರ್ತಕರ ಸರಕಿಗೆ 5 ಎಂದು ನಿಗದಿಯಾಯಿತು. ಎರಡೂವರೆ ಎಂಬ ಅಂಕಿಯಲ್ಲಿ ಮೂಲದ ಗುರುತು ಹಾಗೆಯೇ ಇದೆ. ಮರಾಠಿಯಲ್ಲಿಯೂ ಜಕಾತ್ ಎಂದರೆ ಕಟ್ಟೆಯ ಸುಂಕವೇ.

ಹೀಗೆ ಬಡವನ ಕೈ ಸೇರಬೇಕಾದದ್ದರ ಹೆಸರು ಕನ್ನಡದಲ್ಲಿ ಬಡವನ ಚಕ್ಕಡಿಯನ್ನು ತಡೆದು ನಿಲ್ಲಿಸುವುದರ ಹೆಸರಾಯಿತು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎನ್ನುವ ಭಾಷೆಯಲ್ಲಿ ಜಕಾತನ್ನು ತೆರಿಗೆಯ ಸಾಲಿನಲ್ಲಿ ಕೂರಿಸಿದರೆ ಮಕ್ಕಳಿಗೆ ನಾಕಾ ಕಂಡೀತೇ ಹೊರತು ಜಕಾತ್ ಕಾಣದು. ಸುಖದುಃಖ ಕೇಳುವುದೇ ಇದರ ಕೆಲಸವಲ್ಲವೇ?

ಪದದ ಬೇರಿಗೆ ಹೋದೆ. ಅರಬಿಯ ಆ ಧಾತುವಿನಲ್ಲಿ ಎರಡು ಅರ್ಥಗಳು ಹೆಣೆದುಕೊಂಡಿವೆ: ಶುದ್ಧವಾಗುವುದು ಮತ್ತು ಬೆಳೆಯುವುದು. ಪಾಲು ತೆಗೆದ ಮೇಲೆ ಉಳಿದ ಸಂಪತ್ತು ಶುದ್ಧವಾಗುತ್ತದೆ, ಶುದ್ಧವಾದದ್ದು ವೃದ್ಧಿಯಾಗುತ್ತದೆ. ಇವೆರಡನ್ನೂ ಒಟ್ಟಿಗೆ ಹೇಳುವ ಕನ್ನಡ ಪದ ಎಲ್ಲಿ ಎಂದು ಬಹಳ ದಿನ ತಡಕಾಡಿದೆ. ಒಂದು ಬೆಳಗ್ಗೆ ಮನೆಯವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ, “ಹಸನು ಮಾಡಿ ಬರುತ್ತೇನೆ, ತಡೆಯಿರಿ” ಎಂದರು. ಹಸನು! ಅಕ್ಕಿ ಹಸನು ಮಾಡುತ್ತೇವೆ, ಅದು ಶುದ್ಧಿ. ಹೊಲ ಹಸನು ಮಾಡುತ್ತೇವೆ, ಅದು ಕಸ ತೆಗೆದು ಬೆಳೆಗೆ ಅಣಿ ಮಾಡುವುದು. ಬಾಳು ಹಸನಾಯಿತು ಎನ್ನುತ್ತೇವೆ, ಅದು ಏಳಿಗೆ. ಮಾಸ್ತರರಿಗೆ ಹೇಳಿದಾಗ ಅವರು ಆ ಪದವನ್ನು ಎರಡು ಸಲ ತಾವೇ ಹೇಳಿಕೊಂಡರು.

ಇನ್ನು ನಾಮಪದ. ‘ದಾಸೋಹ’ವನ್ನು ಯೋಚಿಸಿದೆ. ಕೊಟ್ಟವನೆಂಬ ಹಮ್ಮು ಅಳಿಯಬೇಕೆಂಬ ಭಾವ ಅದರಲ್ಲಿ ದಾನಕ್ಕಿಂತ ಹತ್ತಿರದ್ದು, ಆದರೆ ಅದಕ್ಕೆ ಅದರದೇ ಶರಣ ಪರಂಪರೆಯಿದೆ, ಅಳತೆಯಿಲ್ಲ. ಕಣದಲ್ಲಿ ರಾಶಿ ತೂರಿದ ಕೂಡಲೇ ಬಡಿಗ, ಕಂಬಾರ, ಕುಂಬಾರರಿಗೆ ಎತ್ತಿಡುತ್ತಿದ್ದ ‘ಆಯ’ವನ್ನೂ ನೆನೆದೆ. ಅದು ಭಿಕ್ಷೆಯಲ್ಲ, ಹಕ್ಕು. ಆದರೆ ದುಡಿಮೆಗೆ ಬಂದದ್ದು, ಜಕಾತಿಗೆ ದುಡಿಮೆಯ ಕರಾರಿಲ್ಲ. ಕೊನೆಗೆ ನಿಂತದ್ದು ‘ಹಕ್ಕಿನ ಪಾಲು’ ಎಂಬಲ್ಲಿ. ಕುರ್‌ಆನಿನ ಎಪ್ಪತ್ತನೆಯ ಅಧ್ಯಾಯದಲ್ಲಿ, ಅವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಗೊತ್ತುಪಡಿಸಿದ ಒಂದು ‘ಹಕ್’ ಇದೆ ಎಂಬ ಮಾತಿದೆ. ನಮ್ಮ ‘ಹಕ್ಕು’ ಆ ‘ಹಕ್’ ಎಂಬುದರಿಂದಲೇ ಬಂದದ್ದು. ಅನುವಾದವೇ ಬೇಕಿಲ್ಲ.

ಈಗಿನ ಕರಡು ಹೀಗಿದೆ: ‘ಜಕಾತ್: ನಿಗದಿತ ಮಿತಿಯನ್ನು ಮುಟ್ಟಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ತಮ್ಮಲ್ಲಿ ನಿಂತರೆ ಮುಸ್ಲಿಮರು ಅದರಿಂದ ಕಡ್ಡಾಯವಾಗಿ, ಸಾಮಾನ್ಯವಾಗಿ ನಲವತ್ತರಲ್ಲಿ ಒಂದರಂತೆ, ತೆಗೆಯುವ ಹಕ್ಕಿನ ಪಾಲು. ಬಡವರು, ಸಾಲಗಾರರು ಮೊದಲಾದ ಎಂಟು ಬಗೆಯವರಿಗೆ ಸಲ್ಲುತ್ತದೆ. ಉಳಿದ ಸಂಪತ್ತನ್ನು ಇದು ಹಸನುಗೊಳಿಸುತ್ತದೆ ಎಂದು ನಂಬಿಕೆ.’ ಬೆಳೆಯ ಮೇಲಿನದು ವರ್ಷ ಕಾಯುವುದಿಲ್ಲ, ಕೊಯ್ಲಿನ ಹೊತ್ತಿಗೇ ಸಲ್ಲುತ್ತದೆ. ಅದನ್ನು ಉಶ್ರ್ ಎಂದು ಬೇರೆ ನಮೂದಾಗಿ ಕೊಡುತ್ತಿದ್ದೇನೆ.

ನಿಮ್ಮಿಂದ ಮೂರು ವಿಷಯ ಬೇಕು.

ಬರವಣಿಗೆ: ನಾನು ‘ಜಕಾತ್’ ಎಂದು ಬರೆದಿದ್ದೇನೆ. ಕರಾವಳಿಯ ಮುಸ್ಲಿಂ ಬರಹಗಾರರು ‘ಝಕಾತ್’, ‘ನಮಾಝ್’ ಎಂದು ಬರೆಯುತ್ತಾರೆ. ಝ ನಮ್ಮ ಮಹಾಪ್ರಾಣ, ಮೂಲದ ಉಚ್ಚಾರ ಅದಲ್ಲ. ಆದರೆ ತಮ್ಮ ಪದವನ್ನು ಆ ಜನರೇ ಬರೆಯುವ ರೀತಿ ಅದು, ತಳ್ಳಿಹಾಕಲು ಮನಸ್ಸಾಗದು. ಎರಡನ್ನೂ ಕೊಡಲೇ?

ಒಡವೆ: ಮೈಮೇಲೆ ಧರಿಸುವ ಚಿನ್ನಕ್ಕೂ ಜಕಾತ್ ಉಂಟು ಎನ್ನುವುದು ಹನಫಿ ಪಂಥ. ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರು, ಅಲ್ಲಿ ಬಳಕೆಯ ಒಡವೆಗೆ ಇಲ್ಲ ಎನ್ನುವುದೇ ಪ್ರಬಲ ಮತ. ಕಿರುಕೋಶದಲ್ಲಿ ಇದು ಬೇಕೇ? ಒಂದೇ ರಾಜ್ಯದ ಎರಡು ಮನೆಗಳಲ್ಲಿ ಲೆಕ್ಕ ಬೇರೆಯಾಗುವುದನ್ನು ಮಕ್ಕಳು ತಿಳಿಯಲಿ ಎಂದು ನನ್ನ ಆಸೆ.

ಮೂರನೆಯದೇ ಮುಖ್ಯ, ಕ್ರಿಯಾಪದ. ದಾನ ಮಾಡುತ್ತೇವೆ, ತೆರಿಗೆ ಕಟ್ಟುತ್ತೇವೆ, ಕಾಣಿಕೆ ಒಪ್ಪಿಸುತ್ತೇವೆ. ಜಕಾತನ್ನು ಏನು ಮಾಡುತ್ತೇವೆ? ಉರ್ದುವಿನಲ್ಲಿ ‘ನಿಕಾಲ್ನಾ’, ಹೊರತೆಗೆಯುವುದು. ಮಾಸ್ತರರು ಕನ್ನಡದಲ್ಲಿ ಮಾತಾಡುವಾಗಲೂ “ಈ ವರ್ಷದ ಜಕಾತ್ ತೆಗೆದೆ” ಎನ್ನುತ್ತಾರೆ. ನಾನು ‘ತೆಗೆಯುವ’ ಎಂದು ಬರೆದದ್ದು ಅದಕ್ಕೇ. ಆದರೆ ಮುಆಜ್ ಅವರಿಗೆ ಪ್ರವಾದಿಯವರು ಹೇಳಿದ ಮಾತಿನಲ್ಲಿ ಎರಡು ಕ್ರಿಯೆಗಳಿವೆ: ಉಳ್ಳವರಿಂದ ತೆಗೆದುಕೊಳ್ಳುವುದು, ಇಲ್ಲದವರಿಗೆ ‘ಮರಳಿಸುವುದು’. ಅಲ್ಲಿರುವ ಅರಬಿ ಕ್ರಿಯಾಪದಕ್ಕೆ ಕೊಡು ಎಂದಲ್ಲ, ಹಿಂತಿರುಗಿಸು ಎಂದೇ ಅರ್ಥ. ‘ಎಂಟು ಬಗೆಯವರಿಗೆ ಸಲ್ಲುತ್ತದೆ’ ಎನ್ನುವ ಕಡೆ ‘ಮರಳುತ್ತದೆ’ ಎಂದು ಬರೆದರೆ ಹತ್ತನೆಯ ತರಗತಿಯ ಓದುಗರಿಗೆ ತೊಡಕಾಗುತ್ತದೆಯೇ? ಕಲಬುರಗಿ, ಬೀದರ್, ಮಂಗಳೂರು, ಭಟ್ಕಳ ಕಡೆಯವರು ನಿಮ್ಮ ನೆರೆಹೊರೆಯಲ್ಲಿ ಜಕಾತಿನೊಂದಿಗೆ ಯಾವ ಕ್ರಿಯಾಪದ ಕೇಳಿದ್ದೀರಿ, ದಯವಿಟ್ಟು ಪೂರ್ತಿ ವಾಕ್ಯದೊಂದಿಗೆ ತಿಳಿಸಿ. ಕರಡನ್ನು ತಿಂಗಳ ಕೊನೆಗೆ ಒಪ್ಪಿಸಬೇಕು.